ಭೂಮಧ್ಯರೇಖೆಯ ಊರುಗಳಲ್ಲಿ ಗಾಜಿನ ಟ್ಯೂಬಿನ ಸೋಲಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ನೈರೋಬಿ, ಕಂಪಾಲಾ, ಕಿಗಾಲಿ, ಮೊಂಬಾಸಾ, ಸಿಂಗಪುರಗಳಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಸೋಲಾರ್ ವಾಟರ್ ಹೀಟರ್ ಹೊಸದಲ್ಲ. ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಾದರೆ ಸೋಲಾರ್ ಕೂರಿಸಲೇಬೇಕೆಂದು ನಿಯಮ ಮಾಡಿದ ಬೆಂಗಳೂರಿನಿಂದಲೇ ಎಷ್ಟೋ ಜನ ಹೋಗಿದ್ದಾರೆ. ಆದರೆ ಊರಿನಲ್ಲಿ ಕಲಿತ ಲೆಕ್ಕ ಭೂಮಧ್ಯರೇಖೆಯ ಹತ್ತಿರ ಹಾಗೆಯೇ ನಡೆಯುವುದಿಲ್ಲ. ಅಲ್ಲಿ ಅಕ್ಷಾಂಶಕ್ಕಿಂತ ಮೊದಲು ಕೇಳಬೇಕಾದದ್ದು ನಿಮ್ಮ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು. ಕೆಳಗಿನ ಹೆಚ್ಚಿನ ಉತ್ತರಗಳು ಈ ಒಂದು ವಿಷಯದ ಮೇಲೆಯೇ ನಿಂತಿವೆ.

ಭೂಮಧ್ಯರೇಖೆಯ ಮೇಲೆ ವರ್ಷವಿಡೀ ಸೆಕೆ ತಾನೇ? ಬಿಸಿನೀರು ಕಾಯಿಸಲು ಇಷ್ಟು ದೊಡ್ಡ ಏರ್ಪಾಟು ಏಕೆ?

ಸಮುದ್ರದಂಚಿನ ಊರುಗಳಲ್ಲಿ ನೀವು ಹೇಳುವುದು ನಿಜ. ಮೊಂಬಾಸಾ ಅಥವಾ ಸಿಂಗಪುರದಲ್ಲಿ ನಲ್ಲಿಯ ನೀರೇ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ನೈರೋಬಿ ಇರುವುದು ಸುಮಾರು 1,700 ಮೀಟರ್ ಎತ್ತರದಲ್ಲಿ, ಅಂದರೆ ಬೆಂಗಳೂರಿಗಿಂತ ಹೆಚ್ಚುಕಡಿಮೆ 800 ಮೀಟರ್ ಮೇಲೆ. ಅಲ್ಲಿ ಜುಲೈ ತಿಂಗಳ ಬೆಳಗಿನ ಜಾವದ ಚಳಿ ಬೆಂಗಳೂರಿನ ಡಿಸೆಂಬರಿಗಿಂತ ಗಟ್ಟಿ. ಈಕ್ವೆಡಾರ್ ದೇಶದ ರಾಜಧಾನಿ ಕ್ವಿಟೋ ಭೂಮಧ್ಯರೇಖೆಗೆ ಅಂಟಿಕೊಂಡಂತಿದ್ದರೂ 2,850 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬಿಸಿನೀರಿಲ್ಲದ ಸ್ನಾನ ವರ್ಷದ ಯಾವ ತಿಂಗಳಲ್ಲೂ ಹಿತವಲ್ಲ. ಒಂದೇ ರೇಖೆಯ ಮೇಲಿನ ಎರಡು ಊರುಗಳಿಗೆ ಒಂದೇ ಯಂತ್ರವನ್ನು ಮಾರುವವರ ಮಾತನ್ನು ನಂಬಬೇಡಿ.

ಗಾಜಿನ ಟ್ಯೂಬು ನೀರನ್ನು ಹೇಗೆ ಕಾಯಿಸುತ್ತದೆ?

ಒಂದರೊಳಗೊಂದು ಇರುವ ಎರಡು ಬೋರೋಸಿಲಿಕೇಟ್ ಗಾಜಿನ ಕೊಳವೆಗಳು, ನಡುವೆ ಗಾಳಿಯನ್ನು ಹೀರಿ ತೆಗೆದ ನಿರ್ವಾತ. ಥರ್ಮಾಸ್ ಫ್ಲಾಸ್ಕಿನ ಒಳಗಿರುವುದೂ ಇದೇ ಏರ್ಪಾಟು. ಒಳಗಿನ ಕೊಳವೆಯ ಹೊರಮೈಗೆ ಬಿಸಿಲನ್ನು ಹೀರಿಕೊಳ್ಳುವ, ಆದರೆ ಶಾಖವನ್ನು ಹೊರಗೆ ಸೂಸದ ಕಪ್ಪು ಲೇಪನವಿರುತ್ತದೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಕೊನೆಯಲ್ಲಿ ಇಂಥ ಲೇಪನಗಳ ಮೇಲೆ ಮುಖ್ಯವಾದ ಕೆಲಸ ನಡೆಯಿತು. ಮುಂದಿನ ದಶಕದಲ್ಲಿ ಬೀಜಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಯಿನ್ ಝಿಚಿಯಾಂಗ್ ಅವರು ಅಲ್ಯೂಮಿನಿಯಂ ನೈಟ್ರೈಡ್ ಲೇಪನವನ್ನು ಅಗ್ಗವಾಗಿ ತಯಾರಿಸುವ ದಾರಿ ತೋರಿಸಿದರು. ಇಂದು ಆಫ್ರಿಕಾದ ಅಂಗಡಿಗಳಲ್ಲೂ ನಮ್ಮಲ್ಲೂ ಸಿಗುವ ಟ್ಯೂಬುಗಳು ಬಹುಪಾಲು ಆ ವಂಶದವೇ.

ಕಾದ ನೀರು ಹಗುರಾಗಿ ಟ್ಯೂಬಿನ ಮೇಲಂಚಿನಲ್ಲಿ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಂಚಿನಲ್ಲಿ ಇಳಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ.

ಫ್ಲಾಟ್ ಪ್ಲೇಟ್ ಒಳ್ಳೆಯದೋ, ಟ್ಯೂಬು ಒಳ್ಳೆಯದೋ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. "ಟ್ಯೂಬೇ ಆಧುನಿಕ, ಅದನ್ನೇ ಹಾಕಿಸಿ" ಎಂಬ ಉತ್ತರ ಅರ್ಧ ಮಾತ್ರ ಸರಿ. ತಾಮ್ರದ ಹಾಳೆಯ ಮೇಲೆ ಒಂದೇ ಗಾಜು ಹೊದಿಸಿದ ಫ್ಲಾಟ್ ಪ್ಲೇಟ್ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವುದರಲ್ಲಿ ಟ್ಯೂಬಿಗಿಂತ ಮುಂದು. ತನ್ನ ಮೇಲೆ ಬಿದ್ದ ಬಿಸಿಲಿನ ಮುಕ್ಕಾಲು ಭಾಗವನ್ನು ಅದು ಹಿಡಿಯಬಲ್ಲದು. ಟ್ಯೂಬುಗಳು ಮೂರನೇ ಎರಡು ಭಾಗದ ಸುಮಾರಿಗೆ ಹಿಡಿಯುತ್ತವೆ. ಹಿಡಿದದ್ದನ್ನು ಉಳಿಸಿಕೊಳ್ಳುವುದರಲ್ಲಿ ಮಾತ್ರ ಆಟ ತಿರುಗುತ್ತದೆ. ನೀರಿಗೂ ಹೊರಗಿನ ಗಾಳಿಗೂ ನಡುವಿನ ಪ್ರತಿ ಡಿಗ್ರಿ ಅಂತರಕ್ಕೆ ಫ್ಲಾಟ್ ಪ್ಲೇಟ್ ಚದರ ಮೀಟರಿಗೆ ನಾಲ್ಕೈದು ವಾಟ್ ಶಾಖ ಕಳೆದುಕೊಂಡರೆ, ಟ್ಯೂಬು ಒಂದೂವರೆ ವಾಟ್ ಕಳೆದುಕೊಳ್ಳುತ್ತದೆ.

ಈ ಅಂಕಿಗಳನ್ನು ಇಟ್ಟು ಲೆಕ್ಕ ಹಾಕಿದರೆ, ಒಳ್ಳೆಯ ಬಿಸಿಲಿನಲ್ಲಿ ನೀರು ಗಾಳಿಗಿಂತ ಸುಮಾರು 27 ಡಿಗ್ರಿ ಹೆಚ್ಚು ಬಿಸಿಯಾಗುವವರೆಗೆ ಫ್ಲಾಟ್ ಪ್ಲೇಟೇ ಮುಂದಿರುತ್ತದೆ. ಮೊಂಬಾಸಾದಲ್ಲಿ ಗಾಳಿಯೇ 30 ಡಿಗ್ರಿ, ಬೇಕಾದ ನೀರು 45 ಡಿಗ್ರಿ. ಅಂತರ 15 ಮಾತ್ರ. ಅಲ್ಲಿ ಟ್ಯೂಬಿನ ನಿರ್ವಾತಕ್ಕೆ ಮಾಡಲು ಕೆಲಸವೇ ಇಲ್ಲ. ನೈರೋಬಿಯ ಜುಲೈನಲ್ಲಿ ಗಾಳಿ 16–17 ಡಿಗ್ರಿ, ಮೇಲೆ ದಿನವಿಡೀ ಬೂದುಬಣ್ಣದ ಮೋಡ. ಬಿಸಿಲು ಮಂದವಾದಷ್ಟೂ ಟ್ಯೂಬು ಬೇಗ ಮುಂದೆ ಬರುತ್ತದೆ: ಮಂಕು ಬೆಳಕಿನಲ್ಲಿ ಹತ್ತೇ ಡಿಗ್ರಿ ಅಂತರಕ್ಕೆ ಅದು ಫ್ಲಾಟ್ ಪ್ಲೇಟನ್ನು ಹಿಂದಿಕ್ಕುತ್ತದೆ.

ಆದ್ದರಿಂದ ನನ್ನ ಸಲಹೆ ನೇರವಾಗಿದೆ. 1,200 ಮೀಟರಿಗಿಂತ ಮೇಲಿನ ಊರುಗಳಿಗೆ ಟ್ಯೂಬು. ಕರಾವಳಿಗೆ ಫ್ಲಾಟ್ ಪ್ಲೇಟ್, ಇಲ್ಲವೇ ಟ್ಯೂಬುಗಳ ಸಂಖ್ಯೆ ಕಡಿಮೆ ಇರುವ ಚಿಕ್ಕ ಸೆಟ್. ಕಂಪಾಲಾ ಈ ಗಡಿಯ ಮೇಲೆಯೇ ಇದೆ, ಅಲ್ಲಿ ಯಾವುದಾದರೂ ನಡೆಯುತ್ತದೆ. ಹತ್ತಿರದಲ್ಲಿ ರಿಪೇರಿ ಮಾಡುವವರು ಯಾವುದಕ್ಕೆ ಸಿಗುತ್ತಾರೋ ಅದನ್ನು ಆರಿಸಿ.

ಬೆಂಗಳೂರಿನಲ್ಲಿ ಪ್ಯಾನೆಲನ್ನು ದಕ್ಷಿಣಕ್ಕೆ ಮುಖ ಮಾಡಿಸಿದ್ದೆವು. ನೈರೋಬಿಯಲ್ಲೂ ಹಾಗೆಯೇ ಮಾಡಬೇಕೇ?

ಬೇಡ, ಉತ್ತರಕ್ಕೆ ತಿರುಗಿಸಿ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬಿಸಿನೀರು ತೀರಾ ಬೇಕಾಗುವ ಡಿಸೆಂಬರ್–ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಅದಕ್ಕೇ ಅಲ್ಲಿ ದಕ್ಷಿಣದ ನಿಯಮ. ಭೂಮಧ್ಯರೇಖೆಯ ಮೇಲೆ ಸೂರ್ಯ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ನೆತ್ತಿಯ ಮೇಲೆ ಬರುತ್ತಾನೆ, ನಡುವೆ ಆರು ತಿಂಗಳು ಉತ್ತರದಲ್ಲಿ, ಆರು ತಿಂಗಳು ದಕ್ಷಿಣದಲ್ಲಿ ಇರುತ್ತಾನೆ. ಹಾಗಾಗಿ ಇಲ್ಲಿ ದಿಕ್ಕನ್ನು ತೀರ್ಮಾನಿಸಬೇಕಾದದ್ದು ನಿಮ್ಮ ಊರಿನ ಅತಿ ಕಷ್ಟದ ತಿಂಗಳು.

ನೈರೋಬಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿ ಮತ್ತು ಮೋಡ ಒಟ್ಟಿಗೆ ಬರುತ್ತವೆ, ಆಗ ಸೂರ್ಯ ಉತ್ತರದಲ್ಲಿರುತ್ತಾನೆ. ಕ್ವಿಟೋದಲ್ಲಿ ಇದು ತಿರುಗುಮುರುಗು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಿಸಿಲುಗಾಲ, ಅಕ್ಟೋಬರಿನಿಂದ ಮೇವರೆಗೆ ಮಳೆಗಾಲ. ಅಲ್ಲಿ ದಕ್ಷಿಣದ ಮುಖ ಮೇಲು. ಕಂಪಾಲಾದಲ್ಲಿ ಎರಡು ಮಳೆಗಾಲಗಳೂ ಸೂರ್ಯ ನೆತ್ತಿಯ ಹತ್ತಿರವಿರುವ ತಿಂಗಳುಗಳಲ್ಲೇ ಬರುವುದರಿಂದ ಮಾಡಿನ ಇಳಿಜಾರು ಯಾವ ಕಡೆಗಿದೆಯೋ ಆ ಕಡೆಗೆ ಹಾಕಿಸಬಹುದು.

ಓರೆ ಎಷ್ಟಿರಬೇಕು? ಪೂರ್ತಿ ಮಲಗಿಸಿದರೆ ಆಗದೇ?

ಬಿಸಿಲಿನ ಲೆಕ್ಕ ಮಾತ್ರ ನೋಡಿದರೆ ಮಲಗಿಸುವುದೇ ಸರಿ. ಆದರೆ ನೀರು ತಾನಾಗಿ ಮೇಲೇರಬೇಕಾದರೆ ಇಳಿಜಾರು ಬೇಕು. ಮಲಗಿಸಿದ ಟ್ಯೂಬಿನಲ್ಲಿ ನೀರು ಸುತ್ತುವುದಿಲ್ಲ, ಗಾಳಿಗುಳ್ಳೆ ಮತ್ತು ಕೆಸರು ನಿಲ್ಲುತ್ತವೆ. 15 ಡಿಗ್ರಿ ಓರೆ ಸಾಕು. ಟ್ಯೂಬಿನೊಳಗೆ ನೀರಿನ ಬದಲು ತಾಮ್ರದ ಹೀಟ್ ಪೈಪ್ (ಶಾಖವನ್ನು ಟ್ಯಾಂಕಿಗೆ ಸಾಗಿಸುವ ಮುಚ್ಚಿದ ಕೊಳವೆ) ಇರುವ ಮಾದರಿಗೆ ಸಾಮಾನ್ಯವಾಗಿ 20 ಡಿಗ್ರಿ ಕೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಸಿದ್ಧ ಸ್ಟ್ಯಾಂಡ್ ಹಲವು ಸಲ 45 ಡಿಗ್ರಿ ಓರೆಯದು. 40 ಡಿಗ್ರಿ ಅಕ್ಷಾಂಶದ ಬೀಜಿಂಗಿನ ಚಳಿಗಾಲಕ್ಕೆ ಅದು ಹೇಳಿ ಮಾಡಿಸಿದ್ದು. ನೈರೋಬಿಯಲ್ಲಿ ಅದನ್ನೇ ಕೂರಿಸಿದರೆ ಮಾರ್ಚ್ ತಿಂಗಳ ನಡುಹಗಲಿನ ನೇರ ಬಿಸಿಲಿನಲ್ಲಿ ಶೇಕಡಾ 30ರಷ್ಟು ಕೈತಪ್ಪುತ್ತದೆ. 15 ಡಿಗ್ರಿಯಲ್ಲಿ ಅದೇ ನಷ್ಟ ಶೇಕಡಾ ಮೂರು–ನಾಲ್ಕು. ಸ್ಟ್ಯಾಂಡಿನ ಕಾಲು ಕತ್ತರಿಸಿ ಬೆಸುಗೆ ಹಾಕಿಸುವುದು ಅರ್ಧ ದಿನದ ಕೆಲಸ, ಮಾಡಿಸಿಯೇ ಬಿಡಿ. ಉತ್ತರಕ್ಕೆ ವಾಲಿಸಿದ ಟ್ಯೂಬು ಡಿಸೆಂಬರ್–ಜನವರಿಯ ನಡುಹಗಲಿನಲ್ಲಿ ಶೇಕಡಾ 20ರಷ್ಟು ಕಡಿಮೆ ಬಿಸಿಲು ಪಡೆಯುತ್ತದೆ ಎಂಬುದು ನಿಜ. ನೈರೋಬಿಯಲ್ಲಿ ಅದು ಬಿಸಿಲು ಧಾರಾಳವಾಗಿರುವ ಕಾಲ, ಹಾಗಾಗಿ ಆ ಕೊರತೆ ನೀರು ಅತಿಯಾಗಿ ಕಾಯದಂತೆ ತಡೆಯುತ್ತದೆ.

ಟ್ಯೂಬುಗಳು ಉತ್ತರ–ದಕ್ಷಿಣವಾಗಿ ಉದ್ದಕ್ಕೆ ಇರಬೇಕು, ಅಡ್ಡಡ್ಡ ಅಲ್ಲ. ಉರುಟಾದ ಮೈಯಾದ್ದರಿಂದ ಬೆಳಗಿನ ಸೂರ್ಯನಿಗೂ ಮಧ್ಯಾಹ್ನದ ಸೂರ್ಯನಿಗೂ ಅವು ಒಂದೇ ಅಗಲ ತೋರಿಸುತ್ತವೆ. ಹಗಲು ವರ್ಷವಿಡೀ 12 ಗಂಟೆಯೇ ಇರುವ ಊರುಗಳಲ್ಲಿ ಇದು ಚೆನ್ನಾಗಿ ಒದಗಿಬರುತ್ತದೆ.

ನಾಲ್ಕು ಜನರ ಮನೆಗೆ ಎಷ್ಟು ಟ್ಯೂಬು ಬೇಕು?

58 ಮಿಲಿಮೀಟರ್ ದಪ್ಪ, 1.8 ಮೀಟರ್ ಉದ್ದದ ಒಂದು ಟ್ಯೂಬು ಸಾಧಾರಣ ಬಿಸಿಲಿನ ದಿನ ಹತ್ತು ಲೀಟರ್ ನೀರನ್ನು ಸುಮಾರು 25 ಡಿಗ್ರಿ ಮೇಲೇರಿಸುತ್ತದೆ. ನೈರೋಬಿಯಲ್ಲಿ 19 ಡಿಗ್ರಿಯ ನೀರು 44ಕ್ಕೆ ಬರುತ್ತದೆ ಅಂದುಕೊಳ್ಳಿ. ಸ್ನಾನಕ್ಕೆ ಬೇಕಾದದ್ದು 38–40. ನಾಲ್ಕು ಜನರಿಗೆ 200 ಲೀಟರ್, 20 ಟ್ಯೂಬು ಸರಿಹೋಗುತ್ತದೆ. ಕರಾವಳಿಯಲ್ಲಿ 200 ಲೀಟರಿಗೆ 12 ಟ್ಯೂಬು ಮೀರಬೇಡಿ.

ಕೊಳ್ಳುವಾಗ ಇನ್ನೊಂದನ್ನು ಕೇಳಿ: 200 ಲೀಟರ್ ಎಂದರೆ ಟ್ಯಾಂಕ್ ಮಾತ್ರವೋ, ಟ್ಯೂಬಿನ ನೀರೂ ಸೇರಿದೆಯೋ? ಆ ಅಳತೆಯ ಒಂದು ಟ್ಯೂಬಿನಲ್ಲಿ ಸುಮಾರು 2.7 ಲೀಟರ್ ನೀರು ನಿಲ್ಲುತ್ತದೆ. ಇಪ್ಪತ್ತು ಟ್ಯೂಬಿಗೆ 54 ಲೀಟರ್, ಅಂದರೆ ಮೂರು ಬಕೆಟ್. ಆ ನೀರು ನಿಮ್ಮ ನಲ್ಲಿಗೆ ಎಂದೂ ಬರುವುದಿಲ್ಲ. ಅದನ್ನೂ ಸೇರಿಸಿ ಮಾರಿದರೆ ನಿಮಗೆ ದಕ್ಕುವುದು 150 ಲೀಟರಿಗೂ ಕಡಿಮೆ.

ಮೂರು ದಿನ ಮೋಡ ಮುಚ್ಚಿದರೆ? ದೀಪಾವಳಿಯ ಎಣ್ಣೆಸ್ನಾನಕ್ಕೆ ನೀರು ಸಿಗುತ್ತದೆಯೇ?

ಮೋಡವಿದ್ದರೂ ಚದುರಿದ ಬೆಳಕಿನಿಂದ ಟ್ಯೂಬು ಸ್ವಲ್ಪ ಕಾಯುತ್ತದೆ, ಉಗುರುಬೆಚ್ಚಗಿನ ನೀರು ಸಿಗುತ್ತದೆ. ಆದರೆ ಪೂರ್ವ ಆಫ್ರಿಕಾದ ಸಣ್ಣ ಮಳೆಗಾಲ ಅಕ್ಟೋಬರ್–ನವೆಂಬರಿನಲ್ಲಿ ಶುರುವಾಗಿ ದೀಪಾವಳಿಯ ಹೊತ್ತಿಗೇ ಬರುತ್ತದೆ. ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ಮನೆಮಂದಿಯೆಲ್ಲ ಒಂದೇ ಸಲ ಬಚ್ಚಲಿಗೆ ಸಾಲುಗಟ್ಟುವ ದಿನಕ್ಕೆ ಸೂರ್ಯನೊಬ್ಬನನ್ನೇ ನೆಚ್ಚಬಾರದು. ಟ್ಯಾಂಕಿನೊಳಗೆ 2 ಕಿಲೋವಾಟ್ ಬ್ಯಾಕಪ್ ಕಾಯಿಲ್ ಹಾಕಿಸಿಕೊಂಡಿದ್ದರೆ 150 ಲೀಟರ್ ನೀರನ್ನು 15 ಡಿಗ್ರಿ ಏರಿಸಲು ಸುಮಾರು ಒಂದೂ ಕಾಲು ಗಂಟೆ ಸಾಕು. ಅದನ್ನು ಹಗಲಿಡೀ ಚಾಲೂ ಇಡಬೇಡಿ. ಕಾಯಿಲ್ ಮೊದಲೇ ಕಾಯಿಸಿಬಿಟ್ಟರೆ ಸೂರ್ಯನಿಗೆ ಮಾಡಲು ಏನೂ ಉಳಿಯುವುದಿಲ್ಲ. ಸೂರ್ಯ ಮುಳುಗಿದ ಮೇಲೆ ನೀರನ್ನು ಮುಟ್ಟಿ ನೋಡಿ ಹಾಕುವುದು ಒಳ್ಳೆಯ ಅಭ್ಯಾಸ.

ಜನವರಿಯಲ್ಲಿ ನಮ್ಮ ಟ್ಯಾಂಕಿನಿಂದ ಹಬೆ ಬರುತ್ತಿದೆ. ಅಪಾಯವೇ?

ಏರ್ ವೆಂಟ್ ಪೈಪಿನಿಂದ ಬರುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಬೇರೆಲ್ಲಿಂದಲಾದರೂ ಬರುತ್ತಿದ್ದರೆ ತಕ್ಷಣ ಪ್ಲಂಬರನ್ನು ಕರೆಯಿರಿ. ಎತ್ತರದ ಊರುಗಳಲ್ಲಿ ನೀರು 100 ಡಿಗ್ರಿಗೆ ಮುಂಚೆಯೇ ಕುದಿಯುತ್ತದೆ: ನೈರೋಬಿಯಲ್ಲಿ ಸುಮಾರು 94, ಕ್ವಿಟೋದಲ್ಲಿ 90ರ ಹತ್ತಿರ. ಬಳಕೆ ಕಡಿಮೆಯಾಗಿ ಎರಡು ದಿನ ಚೆನ್ನಾಗಿ ಬಿಸಿಲು ಬಿದ್ದರೆ ಟ್ಯಾಂಕ್ ಅಲ್ಲಿಗೆ ಮುಟ್ಟುತ್ತದೆ.

ಭೂಮಧ್ಯರೇಖೆಯಲ್ಲಿ ಟ್ಯೂಬಿನ ನಿಜವಾದ ಶತ್ರು ಈ ಅತಿಶಾಖ. ಸುಣ್ಣ ಬೇಗ ಕಟ್ಟುವುದು, ಸಿಲಿಕೋನ್ ಉಂಗುರ ಗಟ್ಟಿಯಾಗಿ ಸೋರುವುದು, ಟ್ಯಾಂಕಿನ ಒಳಮೈ ಸವೆಯುವುದು ಎಲ್ಲಕ್ಕೂ ಅದೇ ಬೇರು. ಊರಿಗೆಂದು ಒಂದು ತಿಂಗಳು ಬೀಗ ಹಾಕಿ ಹೊರಡುವವರು ಟ್ಯೂಬುಗಳ ಮೇಲೆ ದಪ್ಪ ಟಾರ್ಪಾಲು ಇಲ್ಲವೇ ತೋಟಕ್ಕೆ ಹೊದಿಸುವ ನೆರಳುಬಲೆ ಕಟ್ಟಿ ಹೋಗಲಿ. ನೀರನ್ನು ಮಾತ್ರ ಖಾಲಿ ಮಾಡಬಾರದು. ಒಣಗಿದ ಟ್ಯೂಬಿನ ಒಳಮೈ ಬಿಸಿಲಿನಲ್ಲಿ 200 ಡಿಗ್ರಿ ದಾಟುತ್ತದೆ. ವರ್ಷವಿಡೀ ಹಬೆ ಬರುವ ಮನೆಯಲ್ಲಿ ಟ್ಯೂಬುಗಳೇ ಹೆಚ್ಚಾಗಿವೆ ಎಂದು ತಿಳಿಯಿರಿ. ಮೂರು–ನಾಲ್ಕನ್ನು ಕಾಯಮ್ಮಾಗಿ ಮುಚ್ಚಿಬಿಡಿ. ಟ್ಯೂಬುಗಳ ಹಿಂದೆ ಹೊಳೆಯುವ ತಗಡು ಹಾಕಿಸಿದರೆ ಲಾಭವೆಂದು ಯಾರಾದರೂ ಹೇಳಿದರೆ ನಯವಾಗಿ ಬೇಡವೆನ್ನಿ.

ಹೊಸ ಸೆಟ್ಟಿಗೆ ಯಾವಾಗ ನೀರು ತುಂಬಬೇಕು?

ಸೂರ್ಯ ಹುಟ್ಟುವ ಮೊದಲು, ಇಲ್ಲವೇ ಮುಳುಗಿ ಎರಡು ಗಂಟೆಯಾದ ಮೇಲೆ. ಮಧ್ಯಾಹ್ನ ಕಾದ ಒಣ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ನೀರಿನ ಸರಬರಾಜು ನಿಂತು ಟ್ಯಾಂಕ್ ಬರಿದಾದ ದಿನವೂ ಇದೇ ನಿಯಮ. ನೈರೋಬಿಯಲ್ಲಿ ನೀರು ವಾರದ ಎಲ್ಲ ದಿನವೂ ಬರದ ಬಡಾವಣೆಗಳು ಬಹಳ. ಆದ್ದರಿಂದ ಸೋಲಾರಿಗೆ ಹೋಗುವ ತಣ್ಣೀರಿನ ಪೈಪಿಗೆ ಓವರ್‌ಹೆಡ್ ಟ್ಯಾಂಕಿನ ತೀರಾ ತಳದಿಂದ ಸಂಪರ್ಕ ಕೊಡಿಸಿ, ಮನೆಬಳಕೆಯ ಪೈಪನ್ನು ಅದಕ್ಕಿಂತ ಒಂದು ಗೇಣು ಮೇಲಿನಿಂದ ತೆಗೆಸಿ. ಆಗ ಮನೆಯ ನಲ್ಲಿಗಳು ಒಣಗಿದ ಮೇಲೂ ಸೋಲಾರಿಗೆ ನೀರು ಉಳಿದಿರುತ್ತದೆ.

ಪ್ರೆಷರ್ ಪಂಪನ್ನು ನೇರವಾಗಿ ಜೋಡಿಸಬಹುದೇ?

ನೀರು ತುಂಬಿದ ಟ್ಯೂಬಿನ ಮಾದರಿಗೆ ಖಂಡಿತ ಕೂಡದು. ಟ್ಯೂಬನ್ನು ಟ್ಯಾಂಕಿಗೆ ಹಿಡಿದಿರುವುದು ಒಂದು ರಬ್ಬರ್ ಉಂಗುರ ಮಾತ್ರ. ಕೆಲವು ಮೀಟರ್ ಎತ್ತರದ ಟ್ಯಾಂಕಿನಿಂದ ಇಳಿಯುವ ಒತ್ತಡವನ್ನಷ್ಟೇ ಅದು ತಡೆಯುತ್ತದೆ. ಷವರಿನಲ್ಲಿ ಜೋರಾದ ಧಾರೆ ಬೇಕೆನ್ನುವವರು ಹೀಟ್ ಪೈಪ್ ಮಾದರಿ ತೆಗೆದುಕೊಳ್ಳಬೇಕು. ಅದರಲ್ಲಿ ಟ್ಯೂಬಿನೊಳಗೆ ನೀರಿರುವುದಿಲ್ಲ. ಮುಚ್ಚಿದ ತಾಮ್ರದ ಕೊಳವೆಯಲ್ಲಿರುವ ಒಂದಿಷ್ಟು ದ್ರವ ಆವಿಯಾಗಿ ಮೇಲೇರಿ, ಟ್ಯಾಂಕಿಗೆ ಶಾಖ ಕೊಟ್ಟು, ಮತ್ತೆ ಇಳಿದು ಬರುತ್ತದೆ. ಬೆಲೆ ಹೆಚ್ಚು. ಆದರೆ ಒಂದು ಟ್ಯೂಬು ಒಡೆದರೂ ಟ್ಯಾಂಕ್ ಬರಿದಾಗುವುದಿಲ್ಲ ಎಂಬುದು ಮಂಗಗಳ ಕಾಟವಿರುವ ಕಡೆ ಸಣ್ಣ ಲಾಭವಲ್ಲ.

ನಮ್ಮದು ತಗಡಿನ ಮಾಡು. ಭಾರ ತಡೆಯುತ್ತದೆಯೇ? ಆಲಿಕಲ್ಲು, ಸಿಡಿಲು?

200 ಲೀಟರಿನ ಸೆಟ್ ನೀರು ತುಂಬಿದಾಗ 300 ಕಿಲೋ ದಾಟುತ್ತದೆ. ಆ ಭಾರ ತಗಡಿನ ಮೇಲಾಗಲಿ ರೀಪಿನ ಮೇಲಾಗಲಿ ಕೂರಬಾರದು, ಕೆಳಗಿನ ಗೋಡೆ ಅಥವಾ ಮುಖ್ಯ ತೊಲೆಗೆ ಇಳಿಯಬೇಕು. ಸಂದೇಹವಿದ್ದರೆ ಪಕ್ಕದಲ್ಲೇ ಕಬ್ಬಿಣದ ಸ್ಟ್ಯಾಂಡ್ ಕಟ್ಟಿಸಿ.

ಭೂಮಧ್ಯರೇಖೆಯ ಬಳಿ ಆಲಿಕಲ್ಲೇ ಎಂದು ಅಚ್ಚರಿಪಡುವವರಿಗೆ: ಕೀನ್ಯಾದ ಕೆರಿಚೋ ಮತ್ತು ನಂದಿ ಬೆಟ್ಟಗಳ ಚಹಾ ಸೀಮೆ ಜಗತ್ತಿನಲ್ಲೇ ಅತಿ ಹೆಚ್ಚು ಸಲ ಆಲಿಕಲ್ಲು ಬೀಳುವ ಜಾಗಗಳಲ್ಲೊಂದು. ಒಳ್ಳೆಯ ಟ್ಯೂಬುಗಳು 25 ಮಿಲಿಮೀಟರ್ ಗಾತ್ರದ ಆಲಿಕಲ್ಲನ್ನು ತಡೆಯುವಂತೆ ಪರೀಕ್ಷೆಯಾಗಿರುತ್ತವೆ. ಆ ಸೀಮೆಯವರು ಎರಡು ಟ್ಯೂಬನ್ನಾದರೂ ಮನೆಯಲ್ಲಿ ಇಟ್ಟುಕೊಂಡಿರಲಿ. ವಿಕ್ಟೋರಿಯಾ ಸರೋವರದ ಸುತ್ತಲಿನ ಊರುಗಳಲ್ಲಿ ಸಿಡಿಲು ವಿಪರೀತ. ಮಾಡಿನ ಮೇಲಿನ ಲೋಹದ ಟ್ಯಾಂಕಿನೊಳಗೆ ಕರೆಂಟಿನ ಕಾಯಿಲ್ ಇರುವಾಗ ಅರ್ಥಿಂಗ್ ಇಲ್ಲದೆ ಒಂದು ದಿನವೂ ಬಳಸಬೇಡಿ.

ಸೋಲಾರ್ ನೀರನ್ನು ಕುಡಿಯಲು, ಅಡುಗೆಗೆ ಬಳಸಬಹುದೇ?

ಬೇಡ. ಕೀನ್ಯಾ, ಇಥಿಯೋಪಿಯಾ, ತಾಂಜಾನಿಯಾಗಳ ರಿಫ್ಟ್ ಕಣಿವೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದವರಿಗೆ ಇದರ ಸಂಕಟ ವಿವರಿಸಬೇಕಿಲ್ಲ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಾಢವಾಗುತ್ತದೆ. ಸ್ನಾನಕ್ಕೆ, ಪಾತ್ರೆ ತೊಳೆಯಲು ಅದರಿಂದ ತೊಂದರೆಯಿಲ್ಲ.

ಬೋರ್‌ವೆಲ್ ನೀರು ಗಡಸಾಗಿದ್ದರೆ ವರ್ಷಕ್ಕೊಮ್ಮೆ ಸುಣ್ಣ ತೆಗೆಸಬೇಕು. ಕರಾವಳಿಯ ಬಾವಿಯ ನೀರು ಉಪ್ಪಾಗಿದ್ದರೆ 304 ದರ್ಜೆಯ ಸ್ಟೀಲ್ ಟ್ಯಾಂಕಿನಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ; 316 ದರ್ಜೆ ಕೇಳಿ, ಅಥವಾ ಎನಾಮೆಲ್ ಲೇಪಿಸಿದ ಟ್ಯಾಂಕ್ ಕೊಂಡು ಟ್ಯಾಂಕಿನ ಬದಲು ತಾನು ಸವೆದು ಅದನ್ನು ಕಾಯುವ ಮೆಗ್ನೀಸಿಯಂ ಸರಳನ್ನು ತಪ್ಪದೆ ಬದಲಾಯಿಸಿ.

ಮನೆಯಲ್ಲಿ ಚಿಕ್ಕ ಮಕ್ಕಳು, ಊರಿನಿಂದ ಬಂದ ವಯಸ್ಸಾದ ತಂದೆತಾಯಿ ಇದ್ದಾರೆ. ಏನು ಜಾಗ್ರತೆ?

60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮವನ್ನು ಸುಡುತ್ತದೆ, ಬಿಸಿಲುಗಾಲದಲ್ಲಿ ಟ್ಯಾಂಕ್ ಅದನ್ನೂ ಮೀರುತ್ತದೆ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ತಣ್ಣೀರನ್ನು ತಾನೇ ಬೆರೆಸಿಕೊಳ್ಳುವ ಮಿಕ್ಸಿಂಗ್ ವಾಲ್ವ್ ಹಾಕಿಸಿ. ಅದರ ಖರ್ಚಿನಲ್ಲಿ ಚೌಕಾಸಿ ಬೇಡ.

ಇದಕ್ಕೆ ವಿರುದ್ಧದ ಅಪಾಯವೂ ಇದೆ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಹೆಚ್ಚುತ್ತದೆ. ಷವರಿನ ತುಂತುರಿನಿಂದ ಶ್ವಾಸಕೋಶ ಸೇರಿದರೆ ವಯಸ್ಸಾದವರಿಗೆ ಕಠಿಣ. ಮೋಡದ ವಾರಗಳಲ್ಲಿ ಟ್ಯಾಂಕ್ ಅದೇ ಉಗುರುಬೆಚ್ಚಗೆ ಇರುವುದರಿಂದ ವಾರಕ್ಕೊಮ್ಮೆ ಕಾಯಿಲ್ ಹಾಕಿ ನೀರನ್ನು 60 ಡಿಗ್ರಿಗೆ ತನ್ನಿ.

ಷವರಿನಲ್ಲೇ ನೀರು ಕಾಯಿಸುವ ಕರೆಂಟಿನ ಸಾಧನಕ್ಕೆ ಸೋಲಾರ್ ನೀರು ಕೊಡಬಹುದೇ?

ಕೊಡಬೇಡಿ. ಅದು ತಣ್ಣೀರಿಗೆಂದೇ ಮಾಡಿದ್ದು. ಸೋಲಾರಿಗೆ ಬೇರೆ ಪೈಪು, ಬೇರೆ ನಲ್ಲಿ ಇರಲಿ.

ಟ್ಯೂಬು ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಟ್ಯೂಬಿನ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಪಟ್ಟಿ ಇರುತ್ತದೆ, ಅದು ಬೇರಿಯಂ. ಗಾಳಿ ನುಗ್ಗಿ ನಿರ್ವಾತ ಹೋದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಮಧ್ಯಾಹ್ನ ಹೊರಗಾಜನ್ನು ಎಚ್ಚರದಿಂದ ಮುಟ್ಟಿದಾಗ ಬೇರೆಲ್ಲವೂ ತಣ್ಣಗಿದ್ದು ಒಂದು ಮಾತ್ರ ಬಿಸಿಯಾಗಿದ್ದರೆ ಅದೂ ಹೋದಂತೆಯೇ.

ಸೋಲಾರ್ ಕರೆಂಟು ಅಗ್ಗವಾಗಿರುವಾಗ ಅದರಿಂದಲೇ ಗೀಸರ್ ನಡೆಸಬಾರದೇ?

ಸಿಂಗಪುರದ ಫ್ಲ್ಯಾಟುಗಳಲ್ಲಿ ಮಾಡು ನಿಮ್ಮದಲ್ಲ, ಅಲ್ಲಿ ಟ್ಯೂಬಿನ ಮಾತೇ ಏಳುವುದಿಲ್ಲ. ಕರಾವಳಿಯ ಸ್ವಂತ ಮನೆಗೆ, ಈಗಾಗಲೇ ವಿದ್ಯುತ್ ಪ್ಯಾನೆಲ್ ಇದ್ದರೆ, ಚಿಕ್ಕ ಗೀಸರ್ ಅಥವಾ ಹೀಟ್ ಪಂಪ್ ಜಾಣತನ. ಎತ್ತರದ ಊರುಗಳಲ್ಲಿ ನಾನು ಇನ್ನೂ ಟ್ಯೂಬಿನ ಪರ. 200 ಲೀಟರನ್ನು 18ರಿಂದ 55 ಡಿಗ್ರಿಗೆ ತರಲು ಎಂಟೂವರೆ ಯೂನಿಟ್‌ಗೂ ಹೆಚ್ಚು ಶಕ್ತಿ ಬೇಕು. ಅದರ ಬಹುಪಾಲನ್ನು ಬ್ಯಾಟರಿಯಿಲ್ಲದೆ, ಇನ್ವರ್ಟರ್ ಇಲ್ಲದೆ ಕೊಡುವ ಯಂತ್ರ ಅಷ್ಟು ಕಡಿಮೆ ಜಾಗದಲ್ಲಿ ಬೇರೆ ಇಲ್ಲ.

ಒಡೆದ ಟ್ಯೂಬನ್ನು ಗುಜರಿಗೆ ಹಾಕಬಹುದೇ?

ಬಾಟಲಿಗಳ ಜೊತೆ ಸೇರಿಸಬೇಡಿ. ಬೋರೋಸಿಲಿಕೇಟ್ ಗಾಜು ಕರಗುವ ಶಾಖ ಬೇರೆ, ಬಾಟಲಿಗಾಜಿನ ಕುಲುಮೆಯಲ್ಲಿ ಅದು ಇಡೀ ಸರಕನ್ನು ಕೆಡಿಸುತ್ತದೆ. ಚೂರುಗಳನ್ನು ದಪ್ಪ ರಟ್ಟಿನಲ್ಲಿ ಸುತ್ತಿ, ಕಸ ಎತ್ತುವವರ ಕೈ ಕೊಯ್ಯದಂತೆ ಮೇಲೆ ಗುರುತು ಬರೆದು ಪ್ರತ್ಯೇಕವಾಗಿ ಕೊಡಿ. ಒಡೆಯದೆ ನಿರ್ವಾತ ಮಾತ್ರ ಹೋದ ಟ್ಯೂಬನ್ನು ಅಂಗಡಿಯವರಿಗೆ ಹಿಂತಿರುಗಿಸಿ. ಗ್ಯಾರಂಟಿ ಅವಧಿಯೊಳಗಿದ್ದರೆ ಬದಲಿ ಕೇಳುವ ಹಕ್ಕು ನಿಮಗಿದೆ, ಬೆಳ್ಳಗಾದ ತುದಿಯೇ ಅದಕ್ಕೆ ಸಾಕ್ಷಿ.